ಕೊಲಾಜೆನ್ ಒಗಟು ಬಿಡಿಸಿದ ಜಿ.ಎನ್. ರಾಮಚಂದ್ರನ್

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ನೀಡುವ ಪ್ರೋಟೀನು ಕೊಲಾಜೆನ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ತಂತುಗಳ ಮೇಲೆ ಸುಮಾರು 67 ನ್ಯಾನೋಮೀಟರ್ ಅಂತರದಲ್ಲಿ ಪಟ್ಟೆಗಳು ಗೋಚರಿಸುತ್ತವೆ. ಆದರೆ ಒಳಗಿನ ಅಣುರಚನೆಯನ್ನು ಅರಿಯಲು ಕ್ಷ-ಕಿರಣಗಳೇ ಬೇಕಾದವು. ಆ ಒಗಟನ್ನು ಬಿಡಿಸಿದವರು ಬೆಂಗಳೂರಿನಲ್ಲಿ ವಿಜ್ಞಾನದ ದೀಕ್ಷೆ ಪಡೆದ ಜಿ.ಎನ್. ರಾಮಚಂದ್ರನ್.

1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು. ಸರ್ ಸಿ.ವಿ. ರಾಮನ್ ಅವರನ್ನು ಭೌತವಿಜ್ಞಾನಕ್ಕೆ ಸೆಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದ ರಾಮಚಂದ್ರನ್, 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಅಲ್ಲಿಗೆ ಭೇಟಿ ನೀಡಿದ್ದ ಬ್ರಿಟನ್ನಿನ ಜೆ.ಡಿ. ಬರ್ನಾಲ್ ಅವರ ಮಾತು ಕೊಲಾಜೆನ್‌ನತ್ತ ಅವರ ಗಮನ ಹರಿಸಿತು. ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ಮೂರೆಳೆಗಳ ರಚನೆಯನ್ನು ಪ್ರಕಟಿಸಿದರು. ಎಳೆಗಳು ಹಗ್ಗದಂತೆ ಹುರಿಗೊಂಡಿವೆಯೆಂದು ಮರುವರ್ಷ ತಿದ್ದಿ ಹೇಳಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ ಇರುವುದರಿಂದಲೇ ಈ ಬಿಗಿ ಹೆಣಿಗೆ ಸಾಧ್ಯ.

ಕ್ರಿಕ್ ಮತ್ತು ರಿಚ್ ಇದನ್ನು ಆಕ್ಷೇಪಿಸಿದರು. ಪರಮಾಣುಗಳು ಅತಿ ಸಮೀಪವಿವೆ, ಹೈಡ್ರೋಜನ್ ಬಂಧ ಎರಡಲ್ಲ, ಒಂದೇ ಎಂಬುದು ಅವರ ವಾದ. ಬಂಧದ ವಿಷಯದಲ್ಲಿ ಅವರ ಮಾತೇ ನಿಂತಿತು. ಮೂರೆಳೆಯ ಮೂಲ ಕಲ್ಪನೆ ಅಳಿಯಲಿಲ್ಲ. ಪರಮಾಣುಗಳು ಎಷ್ಟು ಸಮೀಪಿಸಬಲ್ಲವು ಎಂಬ ಪ್ರಶ್ನೆಯನ್ನೇ ಬೆನ್ನಟ್ಟಿದ ರಾಮಚಂದ್ರನ್, ಶಿಷ್ಯರಾದ ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೊಡನೆ 1963ರಲ್ಲಿ 'ರಾಮಚಂದ್ರನ್ ನಕ್ಷೆ'ಯನ್ನು ಪ್ರಕಟಿಸಿದರು.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲೇ ಅಣು ಜೈವಿಕಭೌತವಿಜ್ಞಾನ ಘಟಕವನ್ನು ಕಟ್ಟಿದರು. ನೊಬೆಲ್ ಅವರಿಗೆ ಒಲಿಯಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು. ಪ್ರೋಟೀನುಗಳ ರಚನೆಯನ್ನು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಒರೆಗೆ ಹಚ್ಚುವುದು ಅವರ ನಕ್ಷೆಯಿಂದಲೇ.