ವ್ಯವಹಾರಜ್ಞ ವಿಜ್ಞಾನೇಶ್ವರ

ವ್ಯವಹಾರಜ್ಞನೆಂದರೆ ಇಂದು ನೆನಪಾಗುವವನು ಲಾಭನಷ್ಟಗಳ ಲೆಕ್ಕ ಬಲ್ಲ ವರ್ತಕ. ಹಿಂದೆ ಹಾಗಿರಲಿಲ್ಲ. ವ್ಯವಹಾರವೆಂದರೆ ನ್ಯಾಯಸಭೆಯ ಮುಂದಿನ ವ್ಯಾಜ್ಯ. ಅದರ ವಿಧಿಯನ್ನು ಅರಿತವನೇ ವ್ಯವಹಾರಜ್ಞ. ತರಗತಿಯಲ್ಲಿ ಈ ಶಬ್ದ ಬಂದಾಗಲೆಲ್ಲ ನನ್ನ ಮನಸ್ಸು ವಿಜ್ಞಾನೇಶ್ವರನ ಕಡೆಗೆ ಹರಿಯುತ್ತದೆ.

ಪದ್ಮನಾಭ ಭಟ್ಟೋಪಾಧ್ಯಾಯನ ಮಗನಾದ ಈತ ಭಾರದ್ವಾಜ ಗೋತ್ರದವನು, ಪರಮಹಂಸ ಸನ್ಯಾಸಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದನು. ಕಲಬುರಗಿ ಜಿಲ್ಲೆಯ ಮರತೂರು ಅವನನ್ನು ತನ್ನವನೆಂದು ಅಭಿಮಾನದಿಂದ ಸ್ಮರಿಸುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲವೂ ಆಗ ಅದೇ ಅರಸನದು. ಈ ಸೀಮೆಗೆ ಶಾಸ್ತ್ರವಿದ್ಯೆ ಹೊಸದಲ್ಲ: ಇಂಡಿಯ ಬಳಿಯ ಸಾಲೋಟಗಿಯ ಶಾಲೆಯಲ್ಲಿ 945ರಷ್ಟು ಹಿಂದೆಯೇ ವಿದ್ಯಾರ್ಥಿಗಳಿಗೆಂದು 27 ಮನೆಗಳಿದ್ದುವು.

ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಹೆಸರಿಗೆ ಮಿತವಾದ ಅಕ್ಷರ. ಆಳಿದುದು ಮಾತ್ರ ಬಂಗಾಳವೊಂದುಳಿದು ಹೆಚ್ಚುಕಡಿಮೆ ಭಾರತವನ್ನೆಲ್ಲ. ತಂದೆಯ ಮರಣದಿಂದಲ್ಲ, ಹುಟ್ಟಿದ ಗಳಿಗೆಯಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕೆಂದು ಅವನು ಸಾಧಿಸಿದನು. ಸಪಿಂಡತ್ವವನ್ನು ಶ್ರಾದ್ಧದ ಪಿಂಡದಿಂದ ಬಿಡಿಸಿ ರಕ್ತಸಂಬಂಧಕ್ಕೆ ಕಟ್ಟಿದನು. ಮನೆಯನ್ನೇ ತೊರೆದವನು ಮನೆ ಒಡೆಯುವ ಲೆಕ್ಕವನ್ನು ಇಷ್ಟು ಮಮತೆಯಿಂದ ಬರೆದುದು ನನಗೆ ಎಂದಿಗೂ ಸೋಜಿಗ.

ಅವನ ಧೈರ್ಯ ಕಾಣುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಮದುವೆಯಾಗದ ತಂಗಿಗೆ ಸಲ್ಲುವ ನಾಲ್ಕನೆಯ ಒಂದು ಅಂಶವನ್ನು ಬರಿಯ ಮದುವೆಯ ಖರ್ಚೆಂದು ತೇಲಿಸಿದವರನ್ನು ಅವನು ಒಪ್ಪಲಿಲ್ಲ. ಅದು ಆಕೆಯ ಪಾಲೇ ಎಂದನು. ದಾಯದಿಂದ ಬಂದುದನ್ನೂ ಸ್ತ್ರೀಧನದಲ್ಲಿ ಸೇರಿಸಿದನು. ಕೋಲ್‌ಬ್ರೂಕನು 1810ರಲ್ಲಿ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರೆಯನ್ನು ಆಧಾರವಾಗಿ ಹಿಡಿದುವು, ಆದರೆ ಈ ಔದಾರ್ಯವನ್ನು ಬಹಳ ಕಡೆ ಮೊಟಕುಗೊಳಿಸಿದುವು. ಮದರಾಸಿನಲ್ಲಿ ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ಮಗಳಿಗೆ ಬಂದರೂ ಆಕೆಯ ಜೀವಮಾನದ ಅನುಭೋಗಕ್ಕಷ್ಟೇ. ಮುಂಬಯಿ ಪ್ರಾಂತದಲ್ಲಿ ಮಾತ್ರ ಅಂಥ ಆಸ್ತಿ ಆಕೆಯ ಪೂರ್ಣಸ್ವತ್ತು. ವಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ, ಸಿಂದಗಿಯ ಮಗಳು ತಂದೆಯಿಂದ ಬಂದ ಎರೆಹೊಲವನ್ನು ಮಾರಬಲ್ಲವಳಾಗಿದ್ದಳು. ಬಳ್ಳಾರಿಯ ಮಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಅವನದೆಲ್ಲವೂ ಔದಾರ್ಯವೆಂದು ನಾನು ಹೇಳಲಾರೆ. ಪಾಲಾಗಿ ಬೇರೆಯಿದ್ದು ಮಕ್ಕಳಿಲ್ಲದೆ ಸತ್ತವನ ಹೆಂಡತಿಗೆ ಆಸ್ತಿಯನ್ನೆಲ್ಲ ಕೊಡಿಸಿದವನು, ಕೂಡುಕುಟುಂಬದ ವಿಧವೆಗೆ ಅನ್ನವಸ್ತ್ರವನ್ನಷ್ಟೇ ಉಳಿಸಿದನು. ಆಕೆ 1937ರ ಕಾಯಿದೆಯವರೆಗೆ ಕಾದಳು. ಮಗನಿಗೆ ಅವನು ಕೊಟ್ಟ ಜನ್ಮಸಿದ್ಧ ಹಕ್ಕು ಮಗಳಿಗೆ ದೊರೆತುದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ.