ಚಿತ್ರಗಳಿಗೆ ಜೀವ ತುಂಬಿದ ವಾಲ್ಟ್ ಡಿಸ್ನಿ

ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರವನ್ನು ಕೆತ್ತಿ, ಬಣ್ಣ ಬಳಿದು, ನೋಡಿದವರು ನಿಜವೆಂದೇ ಭ್ರಮಿಸುವಂತಹ ಬೊಂಬೆಗಳನ್ನು ಮಾಡುತ್ತಾರೆ. ಆದರೆ ಬೊಂಬೆ ಚಲಿಸಲಾರದು. ಕೈಯಿಂದ ಬರೆದ ಚಿತ್ರಗಳು ನಡೆಯುವಂತೆ, ನಗುವಂತೆ, ಅಳುವಂತೆ ಮಾಡಿ ಲೋಕವನ್ನು ಬೆರಗುಗೊಳಿಸಿದವರಲ್ಲಿ ವಾಲ್ಟ್ ಡಿಸ್ನಿ ಅಗ್ರಗಣ್ಯರು.

ಡಿಸ್ನಿಯವರು 1901ರ ಡಿಸೆಂಬರ್ 5ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಜನಿಸಿದರು. ಬಾಲ್ಯದ ಕೆಲವು ವರ್ಷಗಳು ಮಿಸ್ಸೌರಿ ರಾಜ್ಯದ ಹೊಲಮನೆಯಲ್ಲಿ, ದನಕರುಗಳ ನಡುವೆ ಕಳೆದವು. ಕುಟುಂಬವು ಕಾನ್ಸಾಸ್ ನಗರಕ್ಕೆ ಬಂದ ಮೇಲೆ, ಅವರು ನಸುಕಿನಲ್ಲಿಯೇ ಎದ್ದು ಮನೆಮನೆಗೆ ವೃತ್ತಪತ್ರಿಕೆ ಹಂಚಿ ಶಾಲೆಗೆ ಹೋಗಬೇಕಾಗಿತ್ತು. ಅವರ ಮೊದಲ ಚಿತ್ರಸಂಸ್ಥೆಯು 1923ರಲ್ಲಿ ದಿವಾಳಿಯಾಯಿತು. ಅವರು ಧೃತಿಗೆಡಲಿಲ್ಲ. ಹಾಲಿವುಡ್ಡಿಗೆ ತೆರಳಿ, ಅಣ್ಣ ರಾಯ್ ಅವರೊಡನೆ ಹೊಸ ಸಂಸ್ಥೆಯನ್ನು ಕಟ್ಟಿದರು. 1928ರಲ್ಲಿ ಮಿಕ್ಕಿ ಮೌಸ್ ಎಂಬ ಇಲಿಯು ಅವರಿಗೆ ಕೀರ್ತಿಯನ್ನು ತಂದಿತು. 1937ರಲ್ಲಿ ಅವರ ಮೊದಲ ಪೂರ್ಣಪ್ರಮಾಣದ ವ್ಯಂಗ್ಯಚಲನಚಿತ್ರ 'ಸ್ನೋ ವೈಟ್' ತೆರೆಕಂಡಿತು.

ಇಂತಹ ಚಿತ್ರದ ನಿರ್ಮಾಣವು ಸುಲಭವಲ್ಲ. ತೆರೆಯ ಮೇಲೆ ಒಂದು ಸೆಕೆಂಡಿನಲ್ಲಿ 24 ಚೌಕಟ್ಟುಗಳು ಸರಿಯುತ್ತವೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಒಂದು ಕಥೆಗಾಗಿ ಲಕ್ಷಾಂತರ ಚಿತ್ರಗಳನ್ನು ಬರೆಯಬೇಕಾಗುತ್ತದೆ.

ಡಿಸ್ನಿಯವರ ಸಂಸ್ಥೆಯಲ್ಲಿದ್ದ ಜೋ ಗ್ರಾಂಟ್ ಎಂಬ ಕಲಾವಿದರ ಮನೆಯಲ್ಲಿ ಲೇಡಿ ಎಂಬ ಹೆಣ್ಣುನಾಯಿಯಿತ್ತು. ಅವರು ಬರೆದ ಅದರ ಚಿತ್ರಗಳು ಡಿಸ್ನಿಯವರ ಮನಸ್ಸನ್ನು ಸೆಳೆದವು. ಆದರೆ ಕಥೆ ಮಾತ್ರ ಹಲವು ವರ್ಷ ಕೂಡಿಬರಲಿಲ್ಲ. ವಾರ್ಡ್ ಗ್ರೀನ್ ಎಂಬ ಲೇಖಕರು ಬರೆದಿದ್ದ ಬೇರೊಂದು ನಾಯಿಯ ಕಥೆಯನ್ನು ಓದಿದಾಗ ಡಿಸ್ನಿಯವರಿಗೆ ದಾರಿ ಹೊಳೆಯಿತು. ಸಿರಿವಂತರ ಮನೆಯಲ್ಲಿ ಬೆಳೆದ ಲೇಡಿಗೂ ಬೀದಿಯಲ್ಲಿ ಅಲೆಯುವ ಟ್ರ್ಯಾಂಪ್‌ಗೂ ಒಲವು ಮೂಡುವ ಕಥೆ ರೂಪುಗೊಂಡಿತು. ಹಿಂದೊಮ್ಮೆ ತಾವು ಪತ್ನಿಗೆ ಟೊಪ್ಪಿಗೆಯ ಪೆಟ್ಟಿಗೆಯಲ್ಲಿ ನಾಯಿಮರಿಯನ್ನಿಟ್ಟು ಕಾಣಿಕೆ ಕೊಟ್ಟಿದ್ದ ಪ್ರಸಂಗವನ್ನೂ ಡಿಸ್ನಿ ಅದರಲ್ಲಿ ಸೇರಿಸಿದರು.

ನಾಯಿಯ ಕಣ್ಣಿಗೆ ಜಗತ್ತು ಹೇಗೆ ಕಾಣುವುದೋ ಹಾಗೆಯೇ ದೃಶ್ಯಗಳನ್ನು ರಚಿಸಲಾಯಿತು. ಆದ್ದರಿಂದ ಅನೇಕ ಕಡೆ ಮನುಷ್ಯರ ಕಾಲುಗಳು ಮಾತ್ರ ಕಾಣುತ್ತವೆ. ಎರಡು ನಾಯಿಗಳು ಶಾವಿಗೆಯಂತಹ ಇಟಲಿಯ ತಿನಿಸನ್ನು ಒಂದೇ ತಟ್ಟೆಯಲ್ಲಿ ತಿನ್ನುವ ಸನ್ನಿವೇಶವು ನಗೆಪಾಟಲಾಗುವುದೆಂದು ಡಿಸ್ನಿ ಅಂಜಿದರು. ಅದನ್ನು ಕೈಬಿಡಲು ಬಯಸಿದರು. ಆದರೆ ಫ್ರಾಂಕ್ ಥಾಮಸ್ ಎಂಬ ಕಲಾವಿದರು ತಾವೇ ಮುಂದಾಗಿ ಅದನ್ನು ಚಿತ್ರಿಸಿ ತೋರಿಸಿದರು. ಅದರ ಕೋಮಲತೆಯನ್ನು ಕಂಡ ಡಿಸ್ನಿ ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಇಂದಿಗೂ ಆ ಚಿತ್ರದ ಹೆಸರೆತ್ತಿದೊಡನೆ ನೆನಪಿಗೆ ಬರುವುದು ಆ ಸನ್ನಿವೇಶವೇ.

'ಲೇಡಿ ಅಂಡ್ ದ ಟ್ರ್ಯಾಂಪ್' 1955ರ ಜೂನ್ ತಿಂಗಳಲ್ಲಿ ಬಿಡುಗಡೆಯಾಗಿ ಜನಮನವನ್ನು ಗೆದ್ದಿತು. ಹುಕ್ಕೇರಿ, ಮೂಡಲಗಿಯ ಬಯಲುಗಳಲ್ಲಿ ಕುರಿಹಿಂಡಿನ ಹಿಂದೆ ಸಾಗುವ ನಾಯಿಯ ನಿಷ್ಠೆಯನ್ನು ಬಲ್ಲ ನಮಗೆ ಅದರ ಆಕರ್ಷಣೆ ಅರ್ಥವಾಗದಿರದು. ಆದರೆ 1949ರಲ್ಲಿಯೇ ಸಂಸ್ಥೆಯನ್ನು ಬಿಟ್ಟಿದ್ದ ಜೋ ಗ್ರಾಂಟರ ಹೆಸರು ಆ ಚಿತ್ರದಲ್ಲಿ ಕಾಣಿಸಲಿಲ್ಲ. ಬೀಜ ಬಿತ್ತಿದವರನ್ನು ಫಲ ಉಣ್ಣುವಾಗ ನೆನೆಯದಿದ್ದುದು ಆ ಯಶಸ್ಸಿನಲ್ಲಿ ಉಳಿದ ಒಂದು ಕೊರತೆ.

ಡಿಸ್ನಿಯವರು 1966ರ ಡಿಸೆಂಬರ್ 15ರಂದು ನಿಧನರಾದರು. ಸೋಲಿಗೆ ಅಂಜದ ಛಲವು ಅವರನ್ನು ಬೆಳೆಸಿತು. ಕಿರಿಯರು ತೋರಿಸಿದ ಸತ್ಯವನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಅವರ ಕಲೆಯನ್ನು ಬೆಳಗಿಸಿತು.