ಸಾಬರಮತಿ ಸೇರಿದ ಮೋಟೆಬೆನ್ನೂರಿನ ತರುಣ

ಮೈಲಾರ ಮಹದೇವಪ್ಪನವರ ಹೆಸರೆತ್ತಿದೊಡನೆ ನಮ್ಮವರು ಹೊಸರಿತ್ತಿಯ ಗುಂಡಿನೇಟನ್ನು ನೆನೆಯುತ್ತಾರೆ. ನನ್ನ ಮನಸ್ಸಾದರೋ ಅದಕ್ಕೂ ಹಿಂದಿನ ಸಾಬರಮತಿಯ ದಿನಗಳಲ್ಲಿ ನಿಲ್ಲುತ್ತದೆ.

1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಆ ತರುಣ ಖಾದಿಯ ಕೆಲಸ ಹಿಡಿದು ಗುಜರಾತಿಗೆ ಹೋದಾಗ ಸುತ್ತಲಿನ ನುಡಿ ಕನ್ನಡವಾಗಿರಲಿಲ್ಲ. ಊರಿನಲ್ಲಿ ಮನುಷ್ಯನ ಗುರುತು ಮನೆತನದಿಂದ, ಜಾತಿಯಿಂದ. ಆಶ್ರಮದಲ್ಲಾದರೋ ನೂತ ನೂಲಿನಿಂದ. ಅಲ್ಲಿ ಕಕ್ಕಸು ತೊಳೆಯುವ ಸರದಿಯೂ ಎಲ್ಲರದು. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪ್ರಾರ್ಥನೆಗೆ ಕುಳಿತವರೇ ಅಲ್ಲಿಯ ನೆಂಟರು. ಹಳ್ಳಿಯ ಹುಡುಗನಿಗೆ ಇದು ಸುಲಭದ ಪಾಠವಾಗಿತ್ತೆಂದು ನಾನು ನಂಬಲಾರೆ.

1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಅವರೊಡನೆ ಹೆಜ್ಜೆಯಿಟ್ಟ ಆಯ್ದ ತಂಡದಲ್ಲಿ ಕನ್ನಡಿಗರು ಇವರೊಬ್ಬರೇ. ವಯಸ್ಸು ಇನ್ನೂ 18. ಸುಮಾರು 240 ಮೈಲಿಗಳ ನಡಿಗೆ, ಬಳಿಕ ಸೆರೆಮನೆ. ಪತ್ನಿ ಸಿದ್ದಮ್ಮನವರೂ ಸಾಬರಮತಿಗೆ ಹೋದರು, ಸೆರೆವಾಸವನ್ನೂ ಅನುಭವಿಸಿದರು. ಮರಳಿ ಬಂದ ದಂಪತಿಗಳು ಕೊರಡೂರಿನಲ್ಲಿ ಆಶ್ರಮ ಕಟ್ಟಿದರು. ತಾವು ಕಲಿತ ಬಾಳನ್ನು ನಮ್ಮ ನೆಲದಲ್ಲಿ ನೆಡುವ ಯತ್ನವದು.

1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಾಲಯದಲ್ಲಿರಿಸಿದ್ದ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರು ಗುಂಡು ಹಾರಿಸಿದರು. ಮಹದೇವಪ್ಪನವರಿಗೆ ಆಗ 31 ವರ್ಷ. ಅವರೊಡನೆ ಬಿದ್ದವರು ಇಬ್ಬರು: ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.